ಸಿಂಹ ಗುರುತಿನ ಪಿಸ್ತೂಲು

ಕರಾಚಿ
೩ ನವೆಂಬರ್ ೧೯೯೪

ಮೀರ್‌ಬಾಜ್ ಮಾಮನಿಗೆ ಶಮ್‌ರೋಜ್ ಮಾಡುವ ಸಲಾಮು.

ನಾನು ಚೆನ್ನಾಗಿದ್ದೇನೆ. ಮಿನಿಬಸ್ಸು ಈಗ ಪೂರ್ತಿ ನನ್ನ ಕೈಗೇ ಬಂದಿದೆ. ಹಳೇ ಡ್ರೈವರು ಊರಿಗೆ ಹೋದವನು ವಾಪಸು ಬರಲಿಲ್ಲ. ಕಂಡಕ್ಟರು ನಸೀಬ್ ಗುಲ್ ಕಾಕಾ ಅಂತ, ನಮ್ಮವರೇ, ಮೇಲಿನ ಗುಡ್ಡದ ಕಡೆಯವರು, ನಿಮ್ಮದೇ ವಯಸ್ಸು. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದೇವೆ. ರೊಟ್ಟಿ ಅವರು ತಟ್ಟುತ್ತಾರೆ, ಪಾತ್ರೆ ನಾನು ತೊಳೆಯುತ್ತೇನೆ.

ಮಾಮಾ, ನನಗೊಂದು ಪಿಸ್ತೂಲು ಬೇಕು. ನಮ್ಮ ಮಾರ್ಗದಲ್ಲಿ ಒಂದೇ ತಿಂಗಳಲ್ಲಿ ಎರಡು ಗಾಡಿ ಕಿತ್ತುಕೊಂಡರು. ಒಬ್ಬ ಡ್ರೈವರನ್ನು ಸೀಟಿನಲ್ಲೇ ಹೊಡೆದು ಹಾಕಿದರು. ಯಾವುದು ತಗೊಳ್ಳಲಿ ಅಂತ ಕೇಳಿದರೆ ಇಲ್ಲಿ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಚೀನಾದ್ದು ಸಾಕು ಅಂತ ಒಬ್ಬ, ಇಟಲಿಯದ್ದೇ ಬೇಕು ಅಂತ ಇನ್ನೊಬ್ಬ. ಪ್ಲಾಸ್ಟಿಕ್ ಹಿಡಿಯ ಆಸ್ಟ್ರಿಯಾದ್ದು ಬಂದಿದೆಯಂತೆ, ಅದರ ಮುಂದೆ ಬೇರೆ ಯಾವುದೂ ಇಲ್ಲವಂತೆ. ದರ್ರಾ ಬಜಾರಿನಲ್ಲಿ ಮೂವತ್ತು ವರ್ಷ ಪಿಸ್ತೂಲು ಮಾಡಿ ಮಾರಿದ ಮಾಮ ಇರುವಾಗ ನಾನು ಇವರ ಮಾತು ಯಾಕೆ ಕೇಳಲಿ? ನೀವೇ ಆರಿಸಿ ಕಳಿಸಿ.

ಅಮ್ಮನಿಗೆ ಹೇಳಬೇಡಿ.

ಉಪವಾಸ ಮುಗಿಯುವ ಸಣ್ಣ ಈದ್‌ಗೆ ಬರುತ್ತೇನೆ. ಕಲ್ಲಿನ ಅವಧಿ ಅವತ್ತಿಗೆ ಮುಗಿಯುತ್ತದಲ್ಲ, ನಾನು ಇಲ್ಲದೆ ಆಗುವುದಿಲ್ಲ.

ನಿಮ್ಮ
ಶಮ್‌ರೋಜ್


ದರ್ರಾ
೧೯ ನವೆಂಬರ್ ೧೯೯೪

ಸೋದರಳಿಯ ಶಮ್‌ರೋಜ್‌ನಿಗೆ ಮೀರ್‌ಬಾಜ್ ಉಸ್ತಾದನ ಆಶೀರ್ವಾದ. ಉಸ್ತಾದ ಅಂತ ನಾನೇ ಬರ್ಕೊಂಡಿದೀನಿ ಅಂತ ನಗಬೇಡ. ಕೊಹಾಟಿನಿಂದ ಪೇಶಾವರದವರೆಗೆ ಯಾರನ್ನಾದರೂ ಕೇಳು, ಹಾಗೇ ಕರೀತಾರೆ. ನಾಲ್ಕನೇ ಕ್ಲಾಸಿಗೆ ಬಿಟ್ಟೆ ನಿಜ, ಆದರೆ ನಾಲ್ಕನೇ ಕ್ಲಾಸಿನಲ್ಲಿ ಮೂರು ವರ್ಷ ಇದ್ದೆ. ಲೆಕ್ಕ ಹಾಕಿದರೆ ನಿನಗಿಂತ ಹೆಚ್ಚು ಓದಿದವನು.

ನಿನ್ನ ಕಾಗದ ಅಂಗಡಿಯಲ್ಲೇ ಒಡೆದೆ. ನಗು ತಡೆಯಲಿಕ್ಕೆ ಆಗದೆ ಚಹಾ ಗಡ್ಡಕ್ಕೆ ಸುರೀತು. ನನಗೆ ಪಿಸ್ತೂಲು ಆರಿಸೋದು ಅಂದರೆ ನಿನ್ನ ಅತ್ತೆಗೆ ಮೂಲಂಗಿ ಆರಿಸಿದ ಹಾಗೆ. ಕಣ್ಣು ಕಟ್ಟು, ಬೆನ್ನ ಹಿಂದೆ ನಿಂತು ಯಾರಾದರೂ ಒಂದು ಸಲ ಎಳೆದು ಬಿಡಲಿ, ಸದ್ದಿನಲ್ಲೇ ಹೇಳ್ತೀನಿ ಯಾವ ದೇಶದ ತಾಯಿ ಹೆತ್ತದ್ದು ಅಂತ. ಅಸಲಿಯೋ ಈ ಬಜಾರಿನದೋ ಅಂತಾನೂ ಹೇಳ್ತೀನಿ. ಗುರುತು ಒತ್ತೋ ಅಚ್ಚು ನನ್ನ ಡಬ್ಬಿಯಲ್ಲೇ ಹನ್ನೊಂದು ಇವೆ. ಬೆಳಿಗ್ಗೆ ಇಟಲಿ ಆಗ್ತೀನಿ, ಊಟ ಆದ ಮೇಲೆ ಚೀನಾ.

ಈಗ ಗಮನವಿಟ್ಟು ಓದು.

ಚೀನಾದ್ದು, ಚಕ್ರ ಗುರುತಿನದು. ನಮ್ಮ ಸಣ್ಣತ್ತೆಯ ಸ್ವಭಾವ. ತೆಳ್ಳಗೆ, ಸಿಡುಕು, ಎಂಥ ಗುಂಡು ಹಾಕಿದರೂ ತಿಂದುಕೊಳ್ಳುತ್ತೆ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಮ್ಮದಿಯಾಗಿ ಕೂರೋ ಹಾಗಿಲ್ಲ.

ಇಟಲಿಯದು, ಗಂಟೆ ಗುರುತು. ಹದಿನೈದು ಗುಂಡು ನುಂಗಿ ಹಾಜಿ ಸಾಹೇಬರ ಹಾಗೆ ಹೊಟ್ಟೆ ಬಿಟ್ಟುಕೊಂಡಿರುತ್ತೆ. ನೋಡೋಕೆ ಅಂದ. ಆದರೆ ಹಿಡಿ ದಪ್ಪ. ನಿನ್ನದು ನಿನ್ನ ಅಮ್ಮನ ಕೈ, ಬೆರಳು ಗುಂಡು ಹಾರಿಸೋ ಕುದುರೆಗೆ ಎಟುಕೋದಿಲ್ಲ.

ಇನ್ನು ಆ ಆಸ್ಟ್ರಿಯಾದ ಪ್ಲಾಸ್ಟಿಕ್. ಮಸೀದಿಯಲ್ಲಿ ಕೈಕಾಲು ತೊಳೆಯೋ ತಂಬಿಗೆ ಪ್ಲಾಸ್ಟಿಕ್ಕಿನದು ಬಂತು, ಸುಮ್ಮನಿದ್ದೆ. ಪಿಸ್ತೂಲೂ ಅದೇ ಆದರೆ ಗಂಡಸು ಸೊಂಟಕ್ಕೆ ಕೈ ಹಾಕಿದಾಗ ಹೊಡೀಲಿಕ್ಕೆ ಹೊರಟನೋ ತೊಳೀಲಿಕ್ಕೆ ಹೊರಟನೋ ಅಂತ ಎದುರಿನವನಿಗೆ ತಿಳಿಯೋದು ಹೇಗೆ?

ಹಾಗಾಗಿ ನಾಲ್ಕನೆಯದು. ಜೆಕ್ ದೇಶದ ಸಿಂಹ ಗುರುತು. ಪೂರಾ ಉಕ್ಕು, ಹಿಡಿದರೆ ಹಳೇ ಸ್ನೇಹಿತ ಕೈ ಕುಲುಕಿದ ಹಾಗೆ. ಅದು ಈಗ ಬಜಾರಿನಲ್ಲಿ ಇಲ್ಲ. ಗಡಿಯಾಚೆಯಿಂದ ಬರಬೇಕು. ಬಂದಾಗ ನೋಡೋಣ.

ಇನ್ನೊಂದು ಮಾತು. ಗಾಡಿ ಕಿತ್ತುಕೊಳ್ಳುವವರಂತೆ, ಅಮ್ಮನಿಗೆ ಹೇಳಬೇಡಿ ಅಂತೆ! ಕಳ್ಳರಿಗೆ ಹೆದರಿ ಪಿಸ್ತೂಲು ಕೇಳೋನು ಮೊದಲು ಅಮ್ಮನಿಗೇ ಹೇಳ್ತಾನಪ್ಪ. ಸೊಹ್ಬತ್ ಖಾನ್ ಆ ಅಕ್ರೋಟು ಮರದ ಜಗಳದಲ್ಲಿ ನಿನ್ನಪ್ಪ ಖಯಾಲ್‌ಮೀರನನ್ನ ಹೊಡೆದು ಕೆಡವಿದಾಗ ನಿನಗೆ ನಾಲ್ಕು ವರ್ಷ. ಹುಡುಗನಿಗೆ ಇಪ್ಪತ್ತೊಂದು ತುಂಬೋ ಈದ್‌ವರೆಗೆ ಯಾರೂ ಕೈ ಎತ್ತಬಾರದು ಅಂತ ಜಿರ್ಗಾ ಪಂಚಾಯ್ತಿಯ ಹಿರಿಯರು ಎರಡು ಮನೆಯ ನಡುವೆ ಕಲ್ಲು ನೆಟ್ಟರು. ಆ ಕಲ್ಲನ್ನ ಹೊತ್ತು ತಂದವನು ನಾನು. ನಾಲ್ಕು ಆಳಿನ ಕಲ್ಲು, ಒಬ್ಬನೇ ತಂದೆ. ಆ ಕಲ್ಲು ಏಳೋ ವರ್ಷವೇ ಖಯಾಲ್‌ಮೀರನ ಮಗನಿಗೆ ಪಿಸ್ತೂಲು ಯಾಕೆ ಬೇಕಾಯ್ತು ಅಂತ ನಮ್ಮ ಅಂಗಡಿ ಮುಂದಿನ ಕತ್ತೆಗೂ ಗೊತ್ತು.

ಅಲ್ಲವೇನೋ? ಅಲ್ಲ ಅನ್ನೋದಾದರೆ ಅಲ್ಲ ಅಂತ ಬರೆ.

ನಿನ್ನ ಮಾಮ
ಮೀರ್‌ಬಾಜ್


ಕರಾಚಿ
೨ ಡಿಸೆಂಬರ್ ೧೯೯೪

ಮಾಮನಿಗೆ ಸಲಾಮು.

ನೀವು ಕೇಳಿದ್ದಕ್ಕೆ ಏನು ಬರೆಯಲಿ? ಖಯಾಲ್‌ಮೀರನ ಮಗ ಅಲ್ಲ ಅಂತ ಬರೆಯಲಿಕ್ಕೆ ಆಗುತ್ತದೆಯೇ? ನೀವು ತಿಳಿದವರು.

ನಮ್ಮೂರಿನ ಕ್ಷೌರಿಕ ಜಂದೋಲ್ ಈಗ ಇಲ್ಲೇ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಗಡ್ಡಕ್ಕೆ ಸೋಪು ಹಚ್ಚಿ ಕತ್ತಿ ಮಸೆಯುತ್ತಾ ಎಲ್ಲರ ಮುಂದೆ ಕೇಳಿದ, "ಶಮ್‌ರೋಜೇ, ಈದ್‌ಗೆ ಊರಿಗೆ ಹೋಗ್ತಿಯೋ, ಇಲ್ಲೇ ಸ್ಟೇರಿಂಗು ತಬ್ಬಿಕೊಂಡು ಮಲಗ್ತಿಯೋ?"

"ಹೋಗ್ತೀನಿ."

"ಬಳೆ ಬೇಕಿದ್ರೆ ಹೇಳಪ್ಪ, ಪಕ್ಕದಂಗಡೀಲಿ ಚೆನ್ನಾಗಿರೋದು ಬಂದಿದೆ."

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಕತ್ತಿ ಅವನ ಕೈಯಲ್ಲಿತ್ತು, ನನ್ನ ಕುತ್ತಿಗೆ ಅದರ ಕೆಳಗಿತ್ತು. ನಸೀಬ್ ಗುಲ್ ಕಾಕಾ ಮಾತ್ರ ಎದ್ದು, "ಕತ್ತಿ ಮಸೆಯೋನೇ, ನಾಲಗೆ ಸಾಕಷ್ಟು ಚೂಪಾಗಿದೆ, ಕತ್ತಿ ನೋಡ್ಕೋ," ಅಂದರು.

ಮಾಮಾ, ಮಾರ್ಗ ಕೆಟ್ಟಿದೆ. ಕಳೆದ ವಾರ ಕಾಕಾನ ಕೆನ್ನೆಗೆ ನಳಿಕೆ ಒತ್ತಿದ್ದರು. ಮುಂದೆ ಪೊಲೀಸ್ ಗಾಡಿ ಕಂಡಿತು ಅಂತ ಹಾರಿ ಓಡಿದರು. ಸಿಂಹ ಬರುವುದು ತಡವಾಗುವುದಾದರೆ ಚೀನಾದ್ದೇ ಆಗಲಿ. ಬೇಗ ಕಳಿಸಿ.

ಶಮ್‌ರೋಜ್


ದರ್ರಾ
೧೭ ಡಿಸೆಂಬರ್ ೧೯೯೪

ಅಳಿಯ ಶಮ್‌ರೋಜ್‌ನಿಗೆ,

ಚೀನಾದ್ದೇ ಆಗಲಿ ಅಂತೆ! ನಿನಗೆ ಹೆಣ್ಣು ನೋಡಲಿಕ್ಕೆ ಕಳಿಸಿದರೆ ಬಾಗಿಲು ತೆಗೆದವಳನ್ನೇ ಒಪ್ಪಿಕೊಂಡು ಬರ್ತೀಯ ಅಂತ ಕಾಣುತ್ತೆ. ಆತುರ ಬೇಡ. ಈ ಕೆಲಸಕ್ಕೆ ಬೇಕಾಗೋದು ಎಂಥದ್ದು, ಎಷ್ಟು ದೂರಕ್ಕೆ, ಯಾವ ಬೆಳಕಿನಲ್ಲಿ, ಕೂತು ಹೊಡೆಯೋದೋ ನಿಂತು ಹೊಡೆಯೋದೋ ಎಲ್ಲ ಯೋಚನೆ ಮಾಡಬೇಕು. ನಾನು ಯೋಚನೆ ಮಾಡ್ತಾ ಇದೀನಿ. ನಾನು ಯೋಚನೆ ಮಾಡಿದರೆ ಎರಡು ತಿಂಗಳಿಗೆ ಕಡಿಮೆ ಮಾಡೋನಲ್ಲ.

ಮೊನ್ನೆ ಪೇಶಾವರದ ವಕೀಲನೊಬ್ಬ ಬಂದಿದ್ದ. ಮೂರು ಗಂಟೆ ಕೂತ. ಗಂಟೆ ಗುರುತು ಎತ್ತುತ್ತಾನೆ, ಇಡುತ್ತಾನೆ. ಚಕ್ರ ಎತ್ತುತ್ತಾನೆ, ಮೂಸುತ್ತಾನೆ. ಕೊನೆಗೆ ನಾನೇ ಮಾಡಿ ಗಂಟೆ ಒತ್ತಿದ್ದನ್ನ ಹಿಡ್ಕೊಂಡು, "ಉಸ್ತಾದ್, ಇದು ಅಸಲೀನಾ?" ಅಂದ.

"ವಕೀಲ್ ಸಾಹೇಬ್ರೇ, ನಿಮ್ಮ ಗಡ್ಡದ ಕಪ್ಪಿಗಿಂತ ಅಸಲಿ," ಅಂದೆ.

ಮುಖ ಕೆಂಪಗಾಯ್ತು. ಆದರೂ ತಗೊಂಡ. ಅಂಗಡಿ ಹಿಂದೆ ಹೋಗಿ ಗುಡ್ಡಕ್ಕೆ ಆರು ಗುಂಡು ಹೊಡೆದು ಬಂದು ನನ್ನ ಕೈ ಕುಲುಕಿದ. ಆರಕ್ಕೆ ಆರು ಹಾರಿದ್ದವು. ನನ್ನ ಕೈಯಿಂದ ಹೊರಗೆ ಹೋದದ್ದು ಹಾರದೆ ಉಳಿದದ್ದು ಈ ಮೂವತ್ತು ವರ್ಷದಲ್ಲಿ ಒಂದೂ ಇಲ್ಲ. ನನ್ನ ಹತ್ತಿರ ಇರೋದು ಅದೊಂದೇ ಆಸ್ತಿ.

ಗಡಿಯ ಕಡೆ ಹಿಮ ಬಿದ್ದಿದೆ. ಹೇಸರಗತ್ತೆಗಳು ಇಳಿಯುತ್ತಿಲ್ಲ. ಸಿಂಹ ಬರೋದು ಜನವರಿ ಕಳೆಯಬಹುದು. ಕಾಯಿ.

ಹೋದ ವಾರ ನಿನ್ನ ಅಮ್ಮನನ್ನ ನೋಡಿಬರಲಿಕ್ಕೆ ಊರಿಗೆ ಹೋಗಿದ್ದೆ. ಮರ್ಜಾನಾ ಚೆನ್ನಾಗಿದ್ದಾಳೆ. ಕೆಮ್ಮು ಸ್ವಲ್ಪ. ನಿನಗೆ ಉಣ್ಣೆಯ ಸ್ವೆಟರು ಹೆಣೆದಿದ್ದಾಳೆ, ಒಂದು ತೋಳು ಉದ್ದ. ಆ ಸೊಹ್ಬತ್ ಖಾನ್ ಈಗ ಕೋಲೂರಿಕೊಂಡು ಮಸೀದಿಗೆ ಬರ್ತಾನೆ. ಹಲ್ಲೆಲ್ಲ ಹೋಗಿವೆ. ರೊಟ್ಟಿಯನ್ನ ಚಹಾದಲ್ಲಿ ಅದ್ದಿ ತಿಂತಾನಂತೆ. ಕಂಡದ್ದು ಹೇಳಿದೆ, ಬೇರೇನಿಲ್ಲ.

ನಿನ್ನ ಮದುವೆ ಮಾತು ಎತ್ತಲೇ? ಬೋರ್ಖೇಲದಲ್ಲಿ ಒಂದು ಹೆಣ್ಣಿದೆ. ಅವಳ ಅಪ್ಪ ನನಗೆ ಹೆದರ್ತಾನೆ, ಕಡಿಮೆ ಖರ್ಚಿನಲ್ಲಿ ಆಗುತ್ತೆ.

ಮಾಮ


ಕರಾಚಿ
೫ ಜನವರಿ ೧೯೯೫

ಮಾಮಾ,

ನಾನು ಮದುವೆ ಕೇಳಲಿಲ್ಲ, ಪಿಸ್ತೂಲು ಕೇಳಿದೆ. ಎರಡು ತಿಂಗಳಾಯಿತು. ಬಂದದ್ದು ಅತ್ತೆಯ ಕಥೆ, ಹಾಜಿಯ ಹೊಟ್ಟೆ, ವಕೀಲನ ಗಡ್ಡ.

ಜಂದೋಲ್ ನಿನ್ನೆ ಹೇಳಿದ, "ನಿಮ್ಮ ಮಾಮನಿಗೆ ಈಗ ಕೈ ನಡುಗುತ್ತಂತೆ ಕಣೋ. ಅದಕ್ಕೇ ಒಂದನ್ನೂ ಆರಿಸೋಕೆ ಆಗ್ತಿಲ್ಲ." ನಾನು ಜಗಳ ಆಡಿದೆ. ಆದರೆ ಮನೆಗೆ ಬಂದ ಮೇಲೆ ನಾನೂ ಅದನ್ನೇ ಯೋಚಿಸಿದೆ.

ಮೂರನೇ ಗಾಡಿಯೂ ಹೋಯಿತು. ಬರುವ ತಿಂಗಳು ಒಂದನೇ ತಾರೀಖಿನೊಳಗೆ ನಿಮ್ಮದು ಬಾರದಿದ್ದರೆ ಇಲ್ಲೇ ಚಕ್ರ ಗುರುತಿನದು ತಗೊಳ್ಳುತ್ತೇನೆ. ಮಾತಾಡಿ ಇಟ್ಟಿದ್ದೇನೆ.

ಶಮ್‌ರೋಜ್


ದರ್ರಾ
೨೦ ಜನವರಿ ೧೯೯೫

ಅಳಿಯಾ,

ಎಲ್ಲೂ ಏನೂ ತಗೋಬೇಡ. ಕಳಿಸಿದೀನಿ.

ಈ ಕಾಗದ ತಂದುಕೊಡೋ ಲಾರಿ ಡ್ರೈವರು ನನ್ನ ನಂಬಿಕೆಯವನು. ಅಕ್ರೋಟಿನ ಡಬ್ಬಿ ಕೊಡ್ತಾನೆ. ಮೇಲಿನ ನಾಲ್ಕು ಹಿಡಿ ಅಕ್ರೋಟು ತಿನ್ನು. ಕೆಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದು ಸಿಂಹ. ಅಸಲಿ. ಅಚ್ಚು ನಾನು ಒತ್ತಿದ್ದಲ್ಲ. ಹಿಡಿಯನ್ನ ನಿನ್ನ ಅಂಗೈಗೆ ಅಂತ ಒಂದು ನೂಲಿನಷ್ಟು ತಗ್ಗಿಸಿದೀನಿ. ನಿನ್ನ ಅಳತೆ ನನಗೆ ಹೇಗೆ ಗೊತ್ತು ಅಂತ ಕೇಳ್ತೀಯ? ಆರು ವರ್ಷದವನಿದ್ದಾಗ ಜ್ವರ ಬಂದು ಎರಡು ರಾತ್ರಿ ನನ್ನ ಹೆಬ್ಬೆರಳು ಬಿಟ್ಟಿರಲಿಲ್ಲ ನೀನು. ಅಲ್ಲಿಂದ ಎಷ್ಟು ಬೆಳೆದಿರಬಹುದು ಅನ್ನೋ ಲೆಕ್ಕ ಉಸ್ತಾದನಿಗೆ ಬರುತ್ತೆ.

ಮೂರು ಮಾತು. ಕರಾಚಿಯಲ್ಲಿ ಪರೀಕ್ಷೆಗೆ ಅಂತ ಹಾರಿಸಬೇಡ. ಅಲ್ಲಿ ಒಂದು ಸದ್ದಾದರೆ ಪೊಲೀಸರು ಗಲ್ಲಿಯನ್ನೇ ಎತ್ತಿಕೊಂಡು ಹೋಗ್ತಾರೆ ಅಂತ ಕೇಳಿದೀನಿ. ನಾನೇ ಗುಡ್ಡಕ್ಕೆ ನಲವತ್ತು ಹೊಡೆದು ನೋಡಿದೀನಿ, ನನ್ನ ಮಾತು ಸಾಕು. ಬೇರೆ ಉಸ್ತಾದನ ಕೈಗೆ ಕೊಡಬೇಡ. ನನ್ನ ಕೆಲಸದಲ್ಲಿ ಬೇರೆಯವನು ಬೆರಳಾಡಿಸೋದು ನನಗೆ ಆಗೋದಿಲ್ಲ. ಈದ್‌ಗೆ ಬರೋವಾಗ ನೇರ ಊರಿಗೆ ಹೋಗಬೇಡ. ಮೊದಲು ನನ್ನ ಅಂಗಡಿಗೆ ಬಾ. ನಾನೂ ಜೊತೆಗೆ ಬರ್ತೀನಿ. ನಾನಿಲ್ಲದೆ ಊರಿನ ಗಡಿಯೊಳಗೆ ಕಾಲಿಡಬೇಡ, ನಿನ್ನ ಅಮ್ಮನ ಮೇಲೆ ಆಣೆ.

ನನ್ನ ಕೈ ನಡುಗೋದಿಲ್ಲ ಅಂತ ಆ ಕ್ಷೌರಿಕನಿಗೆ ಹೇಳು. ಈದ್ ಕಳೀಲಿ, ಅವನಿಗೊಂದು ಉಚಿತ ಕ್ಷೌರ ಮಾಡ್ತೀನಿ.

ಮೀರ್‌ಬಾಜ್


ಕರಾಚಿ
೬ ಫೆಬ್ರವರಿ ೧೯೯೫

ಪ್ರೀತಿಯ ಮಾಮನಿಗೆ,

ಸಿಂಹ ಬಂತು. ಹೋದ ಸಲ ಬರೆದದ್ದಕ್ಕೆ ಕ್ಷಮಿಸಿ. ಕೈಯಲ್ಲಿ ಹಿಡಿದಾಗ ನೀವು ಪಕ್ಕದಲ್ಲೇ ನಿಂತ ಹಾಗಾಯಿತು. ನೀವು ಹೇಳಿದಂತೆ ಒಂದು ಗುಂಡೂ ಹಾರಿಸಿಲ್ಲ, ಯಾರಿಗೂ ಕೊಟ್ಟಿಲ್ಲ. ಡ್ರೈವರ್ ಸೀಟಿನ ಕೆಳಗೆ, ಕೈಗೆ ಸಿಗುವ ಕಡೆ ಇಟ್ಟಿದ್ದೇನೆ.

ನಸೀಬ್ ಗುಲ್ ಕಾಕಾ ಅಕ್ರೋಟು ಒಡೆಯುತ್ತಾ, "ನಿನ್ನ ಮಾಮ ಸಿಕ್ಕಿದ್ರೆ ಕೈಗೆ ಮುತ್ತು ಕೊಡಬೇಕು ಕಣೋ. ಇನ್ನು ಮೇಲೆ ಬಾಗಿಲಲ್ಲಿ ನಿಂತ್ಕೊಳ್ಳೋಕೆ ಧೈರ್ಯ ಬಂತು," ಅಂದರು. ಅವರಿಗೆ ಮೂವರು ಹೆಣ್ಣುಮಕ್ಕಳು. ಉಪವಾಸದ ದಿನಗಳಲ್ಲೂ ಒಂದು ಟ್ರಿಪ್ಪು ತಪ್ಪಿಸುವುದಿಲ್ಲ.

ಈದ್‌ನಲ್ಲಿ ನಿಮಗೊಂದು ಮಾತು ಹೇಳಬೇಕು. ಕಾಗದದಲ್ಲಿ ಬರೆಯಲು ಆಗುತ್ತಿಲ್ಲ. ಕೋಪ ಮಾಡಿಕೊಳ್ಳಬಾರದು.

ನಿಮ್ಮ
ಶಮ್‌ರೋಜ್


ದರ್ರಾ
೧೫ ಫೆಬ್ರವರಿ ೧೯೯೫

ಅಳಿಯ ಮಹಾಶಯನಿಗೆ,

ಹುಡುಗಿ ವಿಷಯ ತಾನೇ? ಕರಾಚಿಯವಳಾ? ಉರ್ದು ಮಾತಾಡ್ತಾಳಾ? ನಿನ್ನ ಅಮ್ಮ ಎರಡು ದಿನ ಅಳ್ತಾಳೆ, ಮೂರನೇ ದಿನ ಅವಳಿಗೂ ಒಂದು ಸ್ವೆಟರು ಹೆಣೀತಾಳೆ. ನನ್ನ ಮೇಲೆ ಬಿಡು. ನಾನು ಕೋಪ ಮಾಡ್ಕೊಳ್ಳೋದು ಇಫ್ತಾರಿಗೆ ಮುಂಚೆ ಮಾತ್ರ.

ನನ್ನ ಹತ್ತಿರಾನೂ ನಿನಗೆ ಹೇಳೋ ಮಾತೊಂದಿದೆ. ಅದೂ ಕಾಗದದ ಮಾತಲ್ಲ. ಬೇಗ ಬಾ.

ಮಾಮ


ಕರಾಚಿ, ಆಸ್ಪತ್ರೆ
೨೪ ಫೆಬ್ರವರಿ ೧೯೯೫

ಮಾಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ನಿಧಾನವಾಗಿ ಓದಿ. ಈದ್‌ಗೆ ನಾನು ಬರುವುದಿಲ್ಲ. ಅಮ್ಮನಿಗೆ ಗಾಡಿ ಕೆಟ್ಟಿದೆ ಅಂತ ಹೇಳಿ.

ಭಾನುವಾರ ಇಫ್ತಾರಿಗೆ ಅರ್ಧ ಗಂಟೆ ಇತ್ತು. ಜನ ಎಲ್ಲ ಇಳಿದಿದ್ದರು. ಇಬ್ಬರು ಖರ್ಜೂರದ ಪೊಟ್ಟಣ ಹಿಡಿದುಕೊಂಡು ಹತ್ತಿದರು. ಮಾರುಕಟ್ಟೆ ದಾಟಿದ ಮೇಲೆ ಒಬ್ಬ ಕಾಕಾನ ಬೆನ್ನಿಗೆ ಪಿಸ್ತೂಲು ಇಟ್ಟು ಗಾಡಿ ನಿಲ್ಲಿಸಿದ.

"ಇಳೀರಿ. ಗಾಡಿ ಬಿಟ್ಟು ಇಳೀರಿ, ನಿಮ್ಮ ತಂಟೆಗೆ ಬರಲ್ಲ," ಅಂದ.

ಕಾಕಾ, "ಆಯ್ತಪ್ಪ, ಇಳೀತೀವಿ," ಅಂತ ಒಂದು ಕಾಲು ಕೆಳಗಿಟ್ಟಿದ್ದರು. ನಾನೂ ಇಳಿಯಬಹುದಿತ್ತು. ಇಳಿಯಲಿಲ್ಲ. ಸಿಂಹ ಇತ್ತಲ್ಲ, ತೆಗೆದೆ. ಅವನ ಎದೆಗೇ ಹಿಡಿದು ಕುದುರೆ ಎಳೆದೆ. ಟಕ್ ಅಂತು, ಅಷ್ಟೆ. ಇನ್ನೊಂದು ಗುಂಡು ಏರಿಸಿ ಎಳೆದೆ. ಮತ್ತೆ ಟಕ್. ಆಮೇಲೆ ಅವರು ಹೊಡೆದರು. ಕಾಕಾ ತಿರುಗಿ ನನ್ನ ಮುಂದೆ ಬಂದರು. ಬೇಕೆಂದೇ ಬಂದರೋ, ಗಾಬರಿಯಲ್ಲಿ ಬಂದರೋ ನನಗೆ ಗೊತ್ತಿಲ್ಲ. ಅವರಿಗೆ ಮೂರು ತಾಗಿತು. ನನಗೆ ಬಲ ಭುಜಕ್ಕೆ ಒಂದು. ಹೊಡೆದವರು ಗಾಡಿ ಅಲ್ಲೇ ಬಿಟ್ಟು ಓಡಿದರು. ಕೈ ಉಳಿಯುತ್ತದೆ, ಆದರೆ ಗೇರು ಹಾಕುವಷ್ಟು ಎತ್ತಲು ಆಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಕಾಕಾ ಅಲ್ಲೇ ಹೋದರು. ಉಪವಾಸ ಬಿಟ್ಟಿರಲಿಲ್ಲ.

ನಿಮ್ಮನ್ನು ದೂರುವುದಿಲ್ಲ. ನೀವು ನಲವತ್ತು ಹೊಡೆದು ನೋಡಿ ಕಳಿಸಿದ್ದೀರಿ. ಎಲ್ಲ ಗುರುತಿನಲ್ಲೂ ಸಾವಿರಕ್ಕೆ ಒಂದು ಹೀಗೆ ಇರುತ್ತದೆ ಅಂತ ಪಕ್ಕದ ಹಾಸಿಗೆಯ ಹವಾಲ್ದಾರರು ಹೇಳುತ್ತಾರೆ. ಚಕ್ರ ಗುರುತಿನದು ತಗೊಂಡಿದ್ದರೆ ಅಂತ ಮಲಗಿದಲ್ಲೇ ಲೆಕ್ಕ ಹಾಕುತ್ತೇನೆ. ಯಾವುದೂ ಇಲ್ಲದಿದ್ದರೆ ಇನ್ನೂ ಒಳ್ಳೆಯದಿತ್ತು. ನಾನು ತೆಗೆಯದಿದ್ದರೆ ಅವರು ಗಾಡಿ ತಗೊಂಡು ಹೋಗುತ್ತಿದ್ದರು, ಅಷ್ಟೆ.

ಹೇಳಬೇಕಾಗಿದ್ದ ಮಾತು ಈಗ ಹೇಳಿಬಿಡುತ್ತೇನೆ. ಹುಡುಗಿ ವಿಷಯ ಅಲ್ಲ. ಈದ್ ದಿನ ನಾನು ಸೊಹ್ಬತ್ ಖಾನನ ಹುಜ್ರಾಕ್ಕೆ, ಅವನ ಮನೆಯ ಚಾವಡಿಗೆ, ಹೋಗಿ ಕೂತು ಅವನ ಚಹಾ ಕುಡಿಯಬೇಕು ಅಂತ ಇದ್ದೆ. ಕಲ್ಲು ಅಲ್ಲೇ ಇರಲಿ, ನನ್ನ ಮಕ್ಕಳ ಕಾಲಕ್ಕೂ ಇರಲಿ ಅಂತ ಜಿರ್ಗಾದ ಮುಂದೆ ಹೇಳಬೇಕು ಅಂತ ಇದ್ದೆ. ಅಪ್ಪನ ಮುಖ ನನಗೆ ನೆನಪಿಲ್ಲ ಮಾಮಾ. ನೆನಪಿಲ್ಲದ ಮುಖಕ್ಕಾಗಿ ಹಲ್ಲಿಲ್ಲದ ಮುದುಕನನ್ನು ಹೊಡೆಯಲು ನನ್ನ ಕೈಲಿ ಆಗುವುದಿಲ್ಲ. ಪಿಸ್ತೂಲು ಕೇಳಿದ್ದು ಗಾಡಿಗಾಗಿಯೇ. ಅಮ್ಮನಿಗೆ ಹೇಳಬೇಡಿ ಅಂದದ್ದು ಹೆದರಿ ನನ್ನನ್ನು ಊರಿಗೆ ಕರೆಸಿಕೊಳ್ಳುತ್ತಾಳೆ ಅಂತ. ಅಲ್ಲ ಅಂದರೆ ಬರೆ ಅಂತ ನೀವು ಕೇಳಿದಿರಿ. ಬರೆದರೆ ನೀವೂ ಜಂದೋಲನ ಹಾಗೆ ನನಗೆ ಬಳೆ ಕಳಿಸುತ್ತೀರಿ ಅಂದುಕೊಂಡೆ.

ಶಮ್‌ರೋಜ್


ದರ್ರಾ
೯ ಮಾರ್ಚ್ ೧೯೯೫

ಶಮ್‌ರೋಜ್,

ನಿನ್ನ ಕಾಗದ ಈದ್ ಮರುದಿನ ಬಂತು. ಇದು ನಾನು ಬರೀತಿರೋ ನಾಲ್ಕನೇ ಕಾಗದ. ಮೂರು ಹರಿದೆ. ಮೊದಲನೆಯದರಲ್ಲಿ ಸಿಂಹದ ಕಂಪನಿಯವರನ್ನ ಎರಡು ಪುಟ ಬೈದಿದ್ದೆ. ಚೆನ್ನಾಗೇ ಬಂದಿತ್ತು. ಓದಿದರೆ ನೀನು ನಂಬ್ತಿದ್ದೆ.

ಆ ಪಿಸ್ತೂಲಿನಲ್ಲಿ ಕಂಪನಿಯವರ ತಪ್ಪು ಏನೂ ಇಲ್ಲ. ಅದು ಬಂದಾಗ ಚೆನ್ನಾಗಿತ್ತು. ನಲವತ್ತು ಹೊಡೆದದ್ದು ನಿಜ, ನಲವತ್ತೂ ಹಾರಿದವು. ಅದಾದ ಮೇಲೆ ಅಂಗಡಿಗೆ ಬಂದು, ಬಾಗಿಲು ಎಳೆದುಕೊಂಡು, ಅದನ್ನ ಬಿಚ್ಚಿ, ಗುಂಡಿನ ಬೆನ್ನಿಗೆ ಕುಟ್ಟೋ ಸೂಜಿಯ ತುದಿಯನ್ನ ಅರದಿಂದ ಉಜ್ಜಿದೆ. ಸದ್ದು ಬರಬೇಕು, ಗುಂಡು ಹಾರಬಾರದು, ಅಷ್ಟು. ಮೂವತ್ತು ವರ್ಷದಲ್ಲಿ ಅಂಥ ಕೆಲಸ ಮಾಡಿರಲಿಲ್ಲ. ಒಂದೇ ಸಲಕ್ಕೆ ಸರಿಯಾಗಿ ಬಂತು.

ನೀನು ಸೊಹ್ಬತ್ ಖಾನನನ್ನ ಹೊಡೀಲಿಕ್ಕೇ ಕೇಳಿದೀಯ ಅಂತ ತಿಳಿದೆ. ನೀನು ಒಬ್ಬನನ್ನ ಹೊಡೆದರೆ ಅವನ ಮಗ ನಿನ್ನನ್ನ ಹೊಡೀತಾನೆ. ಮರ್ಜಾನಾ ಒಂದು ಹೆಣ ತೊಳೆದಿದ್ದಾಳೆ, ಎರಡನೆಯದು ಬೇಡ ಅಂತ ಯೋಚನೆ ಮಾಡಿದೆ. ಈ ಗುರುತು ಆ ಗುರುತು ಅಂತ ಎರಡು ತಿಂಗಳು ಎಳೆದದ್ದು ಅದಕ್ಕೇ. ಸಿಂಹ ನವೆಂಬರಿನಲ್ಲೇ ಅಂಗಡಿಯಲ್ಲಿತ್ತು. ನೀನು ಅಲ್ಲೇ ತಗೊಳ್ತೀನಿ ಅಂದಾಗ ಅಂಜಿದೆ. ಹಾರೋದನ್ನ ಕೊಂಡುಬಿಟ್ಟರೆ? ಹಾರದ್ದನ್ನ ನಾನೇ ಕಳಿಸಿದರೆ ನಿನ್ನ ಕೈ ಕಟ್ಟಿದ ಹಾಗೆ ಅಂದುಕೊಂಡೆ. ಗಾಡಿಯ ಮಾತನ್ನ ನೀನು ಪ್ರತಿ ಕಾಗದದಲ್ಲೂ ಬರೆದೆ. ಪ್ರತಿ ಸಲ ಓದಿ ಇದು ನೆಪ ಅಂದುಕೊಂಡೆ.

ನನ್ನ ಮಾತೂ ಕೇಳು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಾನು ಸೊಹ್ಬತ್ ಖಾನನ ಮನೆಗೆ ಹೋಗಿದ್ದೆ. ಕಲ್ಲಿನ ಅವಧಿ ಹತ್ತು ವರ್ಷ ಮುಂದಕ್ಕೆ ಹಾಕಲಿ, ಜಿರ್ಗಾದವರ ಮುಂದೆ ನಾನೇ ಕೇಳ್ತೀನಿ, ನೀನು ಒಪ್ಪು ಅಂತ ಕಾಲು ಹಿಡಿದು ಬೇಡೋ ಹಾಗೆ ಅವನ ಗಡ್ಡ ಹಿಡಿದು ಬೇಡಿದೆ. ಮುದುಕ ಅತ್ತ. "ಹುಡುಗ ಒಪ್ಪಿದ್ರೆ ನಾನೇ ಅವನ ಅಮ್ಮನ ಹೊಸ್ತಿಲಿಗೆ ಬ‌ರ್ತೀನಿ ಮೀರ್‌ಬಾಜ್," ಅಂದ. ಇದನ್ನ ಆವತ್ತೇ ಬರೀಬಹುದಿತ್ತು. ವಕೀಲನ ಗಡ್ಡದ ಕಥೆ ಬರೆದೆ. ಮಾಮ ಹೋಗಿ ಶತ್ರುವಿನ ಮುಂದೆ ಕೈ ಚಾಚಿದ ಅಂತ ತಿಳಿದರೆ ನೀನು ನನ್ನ ಹೆಸರು ಹೇಳೋದು ಬಿಡ್ತೀಯ ಅಂತ ಭಯ.

ಈದ್ ಹಿಂದಿನ ದಿನ ಬೆಳಿಗ್ಗೆಯಿಂದ ಬಸ್ಸು ನಿಲ್ಲೋ ಕಡೆ ನಿಂತಿದ್ದೆ. ಏಳು ಬಸ್ಸು ಬಂದು ಹೋದವು.

ನಸೀಬ್ ಗುಲ್ಲನ ರಕ್ತ ನನ್ನ ಮೇಲಿದೆ. ಹೊಡೆದವರು ಯಾರೋ, ಸಿಗೋದಿಲ್ಲ. ನಾನು ಸಿಗ್ತೀನಿ. ನಮ್ಮಲ್ಲಿ ಇದಕ್ಕಿರೋ ದಾರಿ ನಿನಗೂ ಗೊತ್ತು. ಕುರಿ ಹಿಡ್ಕೊಂಡು ಅವನ ಮನೆ ಬಾಗಿಲಿಗೆ ಹೋಗಿ, ತಲೆ ಮೇಲಿನ ಪೇಟ ತೆಗೆದು ಕೆಳಗಿಟ್ಟು, ನಡೆದದ್ದು ನಡೆದ ಹಾಗೆ ಹೇಳ್ತೀನಿ. ಕ್ಷಮಿಸಿದರೆ ಕ್ಷಮಿಸಲಿ. ಇಲ್ಲದಿದ್ದರೆ ಅದು ಅವರ ಹಕ್ಕು, ನಾನು ಓಡೋದಿಲ್ಲ. ಅಂಗಡಿ ಮುಚ್ಚಿದೀನಿ.

ಅವನ ಊರು ಯಾವುದು, ಮನೆಯಲ್ಲಿ ಗಂಡಸರು ಯಾರಿದ್ದಾರೆ, ಅಷ್ಟು ಬರೆದು ಕಳಿಸು. ಬೇರೆ ಏನೂ ಬರೀಬೇಕಾಗಿಲ್ಲ.

ಮೀರ್‌ಬಾಜ್


ಕರಾಚಿ
೨೩ ಮಾರ್ಚ್ ೧೯೯೫

ಊರಿನ ಹೆಸರು ನಾನು ಬರೆಯುವುದಿಲ್ಲ.

ನಿಮ್ಮ ಕಾಗದ ಬಂದ ಮೇಲೆ ಕಾಕಾನ ತಮ್ಮ ಬಂದಿದ್ದ. ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ನಮ್ಮ ಕೋಣೆಯಿಂದ ಅಣ್ಣನ ಹಾಸಿಗೆ, ರೊಟ್ಟಿ ಹಂಚು, ಟಿಕೆಟ್ಟಿನ ಚರ್ಮದ ಚೀಲ ಎಲ್ಲ ಕಟ್ಟಿಕೊಂಡ. ಪಿಸ್ತೂಲು ಗಾಡಿಯಲ್ಲೇ ಬಿದ್ದಿತ್ತು, ಗಾಡಿ ಮಾಲೀಕ ಅದನ್ನು ಅವನಿಗೆ ಕೊಟ್ಟಿದ್ದಾನೆ. ಇಲ್ಲಿನ ಒಬ್ಬ ಉಸ್ತಾದನಿಗೆ ಬಿಚ್ಚಿ ತೋರಿಸಿಕೊಂಡೇ ಆಸ್ಪತ್ರೆಗೆ, ನನ್ನ ಹಾಸಿಗೆಯ ಹತ್ತಿರ ಬಂದ.

"ಇದು ಸವೆದದ್ದಲ್ವಂತೆ. ಯಾರೋ ಉಜ್ಜಿದ್ದಂತೆ. ಒಳ್ಳೇ ಕೈ ಅಂದ ಅವನು," ಅಂದ. "ಯಾರ ಹತ್ರ ತಗೊಂಡೆ?"

"ಬಜಾರಲ್ಲಿ. ಯಾರೋ ತಳ್ಳುಗಾಡಿಯವನು," ಅಂದೆ.

"ನೋಡಿದ್ರೆ ಗುರುತು ಹಿಡೀತೀಯಾ?"

"ಇಲ್ಲ."

ಅವನು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಹವಾಲ್ದಾರರ ತಲೆದೆಸೆಯಲ್ಲಿದ್ದ ಕುರ್‌ಆನ್ ಕೇಳಿ ತಂದು ನನ್ನ ಎದೆಯ ಮೇಲಿಟ್ಟ. "ಬಲಗೈ ಆಗಲ್ಲ ಅಂತ ಗೊತ್ತು, ಎಡಗೈಯೇ ಇಡು," ಅಂದ.

ಇಟ್ಟೆ. ಗೊತ್ತಿಲ್ಲ ಅಂತ ಹೇಳಿದೆ.